ಹೊಸ ಊರಲ್ಲಿ ಸೈಕಲ್ ದಾರಿ ಹುಡುಕೋದು: ಆ್ಯಪ್ ನೋಡ್ಲಾ, ಗುಂಪು ಸೇರ್ಲಾ, ಸುಮ್ನೆ ತಿರುಗ್ಲಾ?

ಮನೆ ಬದಲಾಯಿಸಿ ಹತ್ತು ಹದಿನೈದು ದಿನ ಆಗಿರತ್ತೆ, ಸಾಮಾನೆಲ್ಲ ಬಿಚ್ಚಿ ಜೋಡಿಸಿ ಆಗಿರತ್ತೆ, ಸೈಕಲ್ ಮಾತ್ರ ಇನ್ನೂ ಗೋಡೆಗೆ ಒರಗಿಕೊಂಡು ನಿಂತಿರತ್ತೆ. ಹಳೇ ಊರಲ್ಲಿ ಎಲ್ಲಿ ಗುಂಡಿ, ಯಾವ ತಿರುವಲ್ಲಿ ಮೊದಲೇ ಬ್ರೇಕ್ ಹಿಡೀಬೇಕು, ಯಾವ ಗೇಟಿಂದ ನಾಯಿ ಓಡಿ ಬರತ್ತೆ ಎಲ್ಲಾ ಕಾಲಿಗೇ ಗೊತ್ತಿತ್ತು. ಇಲ್ಲಿ ಮನೆ ಮುಂದಿನ ರೋಡ್ ಬಲಕ್ಕೆ ಹೋದ್ರೆ ಎಲ್ಲಿಗೆ ಮುಟ್ಟತ್ತೆ ಅನ್ನೋದೂ ಗೊತ್ತಿಲ್ಲ. ಹೀಗಿರೋವಾಗ ಎಲ್ಲರೂ ಕೇಳೋದು ಒಂದೇ, ಹೆಚ್ಚು ಜನ ಸೈಕಲ್ ಹೊಡೆದ ರೋಡುಗಳನ್ನ ಹೊಳೆಯೋ ಹಾಗೆ ತೋರಿಸೋ ಹೀಟ್‌ಮ್ಯಾಪ್ ನೋಡಿ ಹೊರಡೋದಾ, ಯಾವುದಾದ್ರೂ ಆ್ಯಪಲ್ಲಿ ರೂಟ್ ಬಿಡಿಸೋದಾ, ಗುಂಪು ಹುಡುಕಿ ಅವರ ಹಿಂದೆ ಹೋಗೋದಾ, ಇಲ್ಲ ಸುಮ್ನೆ ಹೊರಟು ನೋಡೋದಾ.

ನಾನು ಮೂರು ಸಲ ಊರು ಬದಲಾಯಿಸಿದೀನಿ, ಮೂರೂ ಸಲ ಬೇರೆ ಬೇರೆ ರೀತಿ ಶುರು ಮಾಡಿದೀನಿ. ಅದರಿಂದ ನಂಗೆ ಗಟ್ಟಿಯಾಗಿ ಅನ್ನಿಸಿರೋದು ಇಷ್ಟು: ದಾರಿ ಸಿಗೋದು ಬೇರೆ, ಊರು ಗೊತ್ತಾಗೋದು ಬೇರೆ. ಆ್ಯಪ್ ಮೊದಲನೇದನ್ನ ಐದು ನಿಮಿಷದಲ್ಲಿ ಕೊಡತ್ತೆ, ಎರಡನೇದಕ್ಕೆ ವಾರಗಟ್ಟಲೆ ಬೇಕು. ಈಗ ನಿಮಗೆ ಯಾವುದು ಅರ್ಜೆಂಟು ಅನ್ನೋದನ್ನ ಮೊದಲು ನೋಡ್ಕೊಂಡ್ರೆ ಆಯ್ಕೆ ಅರ್ಧ ಸುಲಭ ಆಗತ್ತೆ. ಸೋಮವಾರದಿಂದ ಆಫೀಸಿಗೆ ಸೈಕಲ್ಲಲ್ಲೇ ಹೋಗ್ಬೇಕು ಅನ್ನೋರಿಗೂ, ಎಂಟು ವರ್ಷದ ಮಗಳ ಜೊತೆ ಭಾನುವಾರ ಹೊರಡೋರಿಗೂ ಒಂದೇ ಉತ್ತರ ಕೊಡಕ್ಕಾಗಲ್ಲ.

ಮೊದಲು ಯಾವುದರ ಮೇಲೆ ಅಳೀಬೇಕು ಅಂತ ನೋಡೋಣ

ಎಲ್ಲಕ್ಕಿಂತ ಮುಂಚೆ ಬರೋದು ಗಾಡಿಗಳು. ಎಷ್ಟು ಗಾಡಿ ಓಡಾಡತ್ತೆ ಅನ್ನೋದೊಂದೇ ಅಲ್ಲ, ಎಷ್ಟು ಸ್ಪೀಡಲ್ಲಿ ಹೋಗತ್ತೆ, ನಮಗೂ ಅವಕ್ಕೂ ಮಧ್ಯೆ ಎಷ್ಟು ಜಾಗ ಇರತ್ತೆ ಅನ್ನೋದೂ ಸೇರಿ. 2012 ರಲ್ಲಿ ಅಮೆರಿಕದಲ್ಲಿ ಮೆಕುರಿಯಾ, ಫರ್ತ್, ನಿಕ್ಸನ್ ಅನ್ನೋ ಮೂವರು ಸಂಶೋಧಕರು ರಸ್ತೆಗಳನ್ನ ಸೈಕಲ್ ಹೊಡೆಯೋರಿಗೆ ಆಗೋ ಒತ್ತಡದ ಪ್ರಕಾರ ನಾಲ್ಕು ಮಟ್ಟ ಮಾಡಿ ವಿಂಗಡಿಸಿದ್ರು. ಒಂದನೇ ಮಟ್ಟ ಅಂದ್ರೆ ಮಕ್ಕಳನ್ನೂ ಬಿಡಬಹುದು, ಎರಡು ಅಂದ್ರೆ ಹೆಚ್ಚಿನ ದೊಡ್ಡವರಿಗೆ ಓಕೆ, ಮೂರು ರೂಢಿ ಇರೋರಿಗೆ, ನಾಲ್ಕು ಅಂದ್ರೆ ಗಾಡಿಗಳ ನಡುವೆ ಹೋಗಕ್ಕೆ ಸ್ವಲ್ಪಾನೂ ಹಿಂಜರಿಯದೋರಿಗೆ ಮಾತ್ರ. ಅದರಲ್ಲಿ ನಂಗೆ ತುಂಬಾ ಉಪಯೋಗಕ್ಕೆ ಬಂದ ವಿಷಯ ಏನಂದ್ರೆ, ಒಂದು ದಾರಿಯ ಮಟ್ಟ ಅದರ ಸರಾಸರಿ ಮೇಲೆ ನಿಲ್ಲಲ್ಲ, ಅದರಲ್ಲಿರೋ ಅತಿ ಕೆಟ್ಟ ತುಂಡಿನ ಮೇಲೆ ನಿಲ್ಲತ್ತೆ. ಒಂಬತ್ತು ಕಿಲೋಮೀಟರ್ ಮರದ ನೆರಳಿನ ಓಣಿ ಇದ್ದು, ಮಧ್ಯೆ ಮುನ್ನೂರು ಮೀಟರ್ ಹೆದ್ದಾರಿ ಮೇಲೆ ಹೋಗ್ಬೇಕಂದ್ರೆ ಆ ಇಡೀ ದಾರೀನ ಹೆದ್ದಾರಿ ಲೆಕ್ಕಕ್ಕೇ ಹಿಡೀಬೇಕು, ಯಾಕಂದ್ರೆ ಮನೇಲಿ ಸೈಕಲ್ ಹೊರಗೆ ತೆಗೆಯೋವಾಗ ಮನಸ್ಸಿಗೆ ಬರೋದು ಆ ಮುನ್ನೂರು ಮೀಟರೇ. ಕೆಳಗೆ ಹೇಳೋ ಪ್ರತಿಯೊಂದು ವಿಧಾನಕ್ಕೂ ನಾನು ಕೇಳೋ ಮೊದಲ ಪ್ರಶ್ನೆ, ಇದು ನನಗೆ ಆ ಕೆಟ್ಟ ತುಂಡನ್ನ ಮೊದಲೇ ತೋರಿಸತ್ತಾ ಇಲ್ವಾ.

ಆಮೇಲೆ ರೋಡಿನ ಮೈ. 25 ಅಥವಾ 28 ಮಿಲಿಮೀಟರ್ ಟೈರಿನ ರೋಡ್ ಬೈಕ್ ಇರೋರಿಗೆ ಎರಡು ಕಿಲೋಮೀಟರ್ ಸಡಿಲ ಜಲ್ಲಿ ಬಂತಂದ್ರೆ ಅವತ್ತಿನ ರೈಡೇ ಕೆಟ್ಟ ಹಾಗೆ, 40 ಮಿಲಿಮೀಟರ್ ಟೈರ್ ಇರೋರಿಗೆ ಅದೇ ಎರಡು ಕಿಲೋಮೀಟರ್ ಖುಷಿ. ಏರು ಎಷ್ಟಿದೆ ಅನ್ನೋದೂ ಅಷ್ಟೇ ಮುಖ್ಯ, ಆದ್ರೆ ಒಟ್ಟು ಸಂಖ್ಯೆ ನೋಡಿ ಮೋಸ ಹೋಗ್ಬೇಡಿ. ಹತ್ತು ಕಿಲೋಮೀಟರಲ್ಲಿ 300 ಮೀಟರ್ ಏರು ಅಂತ ಬರೆದಿದ್ರೆ, ಅದು ಉದ್ದಕ್ಕೂ ಸಮನಾಗಿ ಹರಡಿದ್ರೆ ಶೇಕಡಾ 3 ರ ಏರು, ಯಾರು ಬೇಕಾದ್ರೂ ನಿಧಾನಕ್ಕೆ ಹತ್ತಬಹುದು. ಅದೇ 300 ಮೀಟರ್ ಕೊನೇ ಮೂರು ಕಿಲೋಮೀಟರಲ್ಲೇ ಬಂದ್ರೆ ಶೇಕಡಾ 10, ತುಂಬಾ ಜನ ಇಳಿದು ತಳ್ಳೋದು ಅಲ್ಲೇ.

ಮೂರನೇದು ಅರ್ಧ ದಾರೀಲಿ ಕೈ ಕೊಟ್ರೆ ವಾಪಸ್ ಬರೋದು ಹೇಗೆ ಅನ್ನೋದು. ಪಂಚರ್ ಆಗಿ ಪಂಪೂ ಕೈ ಕೊಡ್ತು ಅನ್ಕೊಳ್ಳಿ, ಮನೆಯಿಂದ ಐದು ಕಿಲೋಮೀಟರ್ ದೂರ ಇದ್ರೆ ತಳ್ಕೊಂಡು ಒಂದು ಗಂಟೆಗೆ ಬಂದು ಸೇರಬಹುದು, ಇಪ್ಪತ್ತೈದು ಕಿಲೋಮೀಟರ್ ದೂರ ಇದ್ದು ಫೋನಿಗೆ ಸಿಗ್ನಲ್ಲೂ ಇಲ್ಲ ಅಂದ್ರೆ ಕತೆನೇ ಬೇರೆ. ಮಿಕ್ಕಂತೆ ನಿಮ್ಮ ಸಮಯ, ನಿಮ್ಮ ದುಡ್ಡು, ಮತ್ತೆ ಮನೆ ಎಲ್ಲಿದೆ ಅಂತ ಅಪರಿಚಿತರಿಗೆ ತಿಳೀಬಾರದು ಅನ್ನೋ ಖಾಸಗಿತನ. ಈ ಕೊನೇದನ್ನ ಒಬ್ಬರೇ ಇರೋರು, ಅದರಲ್ಲೂ ಹೆಣ್ಣುಮಕ್ಕಳು, ಹಗುರವಾಗಿ ತಗೋಬೇಡಿ, ಯಾಕೆ ಅಂತ ಹೀಟ್‌ಮ್ಯಾಪ್ ಹತ್ರ ಬಂದಾಗ ಹೇಳ್ತೀನಿ.

ಸುಮ್ನೆ ಹೊರಟು ತಿರುಗೋದು

ಒಂದು ಪೈಸೆ ಖರ್ಚಿಲ್ಲ, ಫೋನ್ ಬೇಡ, ಅಕೌಂಟ್ ಬೇಡ, ಊರು ಗೊತ್ತಾಗೋಕೆ ಇದರಷ್ಟು ಒಳ್ಳೇ ವಿಧಾನ ಇನ್ನೊಂದಿಲ್ಲ ಅಂತ ನಾನು ನಂಬಿದೀನಿ. ಸ್ಕ್ರೀನ್ ನೋಡ್ಕೊಂಡು ಅದು ಹೇಳಿದ ಕಡೆ ತಿರುಗಿಸ್ತಾ ಹೋದ ದಾರಿ ಮಾರನೇ ದಿನ ನೆನಪಿರಲ್ಲ, ತಪ್ಪಿಸ್ಕೊಂಡು ಹುಡುಕ್ಕೊಂಡು ಬಂದ ದಾರಿ ಮಾತ್ರ ಮರೆತೇ ಹೋಗಲ್ಲ. ಸುಮ್ನೆ ಅಂದ್ರೂ ಒಂದು ಕಟ್ಟು ಇರಲಿ. ನಾನು ಮೊದಲ ವಾರ ಐದು ಕಿಲೋಮೀಟರ್ ದಾಟಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಅದು ಮನೆಯಿಂದ ಇಪ್ಪತ್ತು ನಿಮಿಷದ ದೂರ, ಏನೇ ಆದ್ರೂ ನಡ್ಕೊಂಡು ಬರಬಹುದು. ಹೊರಟ ಮೇಲೆ ಎಲ್ಲಾ ತಿರುವೂ ಒಂದೇ ಕಡೆಗೆ, ಅಂದ್ರೆ ಎಡಕ್ಕೆ ತಿರುಗಿದ್ರೆ ಮುಂದೇನೂ ಎಡಕ್ಕೇ, ಹಾಗೆ ಹೋದ್ರೆ ಹೆಚ್ಚುಕಮ್ಮಿ ಒಂದು ಸುತ್ತು ಹಾಕಿ ಮನೆ ಕಡೆಗೇ ಬರ್ತೀವಿ. ದೂರದಿಂದ ಕಾಣೋ ಒಂದು ಗುರುತು ಇಟ್ಕೊಳ್ಳಿ, ನೀರಿನ ಟ್ಯಾಂಕೋ ಗುಡ್ಡಾನೋ ಟವರ್ರೋ, ಅದು ಯಾವ ಕಡೆ ಕಾಣ್ತಿದೆ ಅಂತ ನೋಡ್ತಾ ಇದ್ರೆ ದಿಕ್ಕು ತಪ್ಪಲ್ಲ.

ತೊಂದರೆ ಏನು ಅಂದ್ರೆ ಆ ಕೆಟ್ಟ ತುಂಡು ಇದೆಯಾ ಅಂತ ಅದರ ಮೇಲೆ ಹೋಗಿ ನಿಂತ ಮೇಲೇ ಗೊತ್ತಾಗೋದು. ಚೆನ್ನಾಗಿರೋ ರೋಡ್ ಅಂತ ಖುಷಿಯಲ್ಲಿ ಇಳಿಜಾರಲ್ಲಿ ಇಳಿದು ತಿರುಗಿದ್ರೆ ಎದುರಿಗೆ ನಾಲ್ಕು ಲೇನಿನ ರಸ್ತೆ, ಮಧ್ಯೆ ಡಿವೈಡರ್, ದಾಟಕ್ಕೆ ಜಾಗ ಇಲ್ಲ, ವಾಪಸ್ ಹೋಗ್ಬೇಕಂದ್ರೆ ಬಂದ ಇಳಿಜಾರನ್ನೇ ಹತ್ತಬೇಕು. ಇನ್ನೊಂದು, ರಜಾದಿನ ಬೆಳಗ್ಗೆ ಆರಕ್ಕೆ ನೋಡಿದ ರೋಡೂ ಕೆಲಸದ ದಿನ ಸಂಜೆ ಆರಕ್ಕೆ ನೋಡೋ ರೋಡೂ ಒಂದೇ ಅಲ್ಲ, ಈ ತಪ್ಪನ್ನ ಹೊಸಬರು ಬಹಳ ಜನ ಮಾಡ್ತಾರೆ, ರಜಾದಿನ ಟ್ರಯಲ್ ಹೋಗಿ ಆಹಾ ಅಂದ್ಕೊಂಡು ಮಾರನೇ ದಿನ ಅದೇ ದಾರೀಲಿ ಬಸ್ಸು ಲಾರಿ ಮಧ್ಯೆ ಸಿಕ್ಕಿಹಾಕ್ಕೊಳ್ತಾರೆ. ನೀವು ದಿನಾ ಯಾವ ಹೊತ್ತಿಗೆ ಹೋಗ್ಬೇಕೋ ಅದೇ ಹೊತ್ತಿಗೆ ಹೋಗಿ ನೋಡಿದ್ರೆ ಮಾತ್ರ ಅದು ಟ್ರಯಲ್.

ಗೂಗಲ್ ಮ್ಯಾಪ್ಸ್ ತರದ ಸಾಮಾನ್ಯ ಮ್ಯಾಪ್

ಎಲ್ಲರ ಫೋನಲ್ಲೂ ಇದ್ದೇ ಇರತ್ತೆ ಅನ್ನೋದೇ ಇದರ ದೊಡ್ಡ ಲಾಭ. ಸೈಕಲ್‌ಗೆ ಅಂತ ಬೇರೆ ದಾರಿ ತೋರಿಸೋದನ್ನ ಗೂಗಲ್ 2010 ರ ಮಾರ್ಚಲ್ಲಿ ಅಮೆರಿಕದಲ್ಲಿ ಶುರು ಮಾಡ್ತು, ಆಮೇಲೆ ಬೇರೆ ಬೇರೆ ದೇಶಗಳಿಗೆ ಹರಡ್ತು, ಆದ್ರೂ ಎಲ್ಲಾ ಊರಿಗೂ ಬಂದಿಲ್ಲ. ನಿಮ್ಮ ಊರಲ್ಲಿ ಆ ಸೈಕಲ್ ಗುರುತು ಕಾಣದೇ ಇದ್ರೆ ಕಾರಿನ ದಾರಿ ನೋಡ್ಕೊಂಡು ಹೋಗ್ಬೇಡಿ, ಅದು ಬೇಗ ಮುಟ್ಟಿಸ್ಬೇಕು ಅಂತ ದೊಡ್ಡ ರಸ್ತೆಗೇ ಹಾಕತ್ತೆ. ನಡೆಯೋರ ದಾರಿ ಇದಕ್ಕಿಂತ ವಾಸಿ, ಆದ್ರೆ ಮೆಟ್ಟಿಲು, ಪಾದಚಾರಿ ಸೇತುವೆ ಎಲ್ಲಾ ಮಧ್ಯೆ ಬರತ್ತೆ, ಸೈಕಲ್ ಹೆಗಲ ಮೇಲೆ ಹೊತ್ಕೋಬೇಕಾಗಬಹುದು.

ನಾನು ಇದನ್ನ ದಾರಿ ಹೇಳಿಸ್ಕೊಳ್ಳಕ್ಕೆ ಬಳಸೋದು ಕಮ್ಮಿ, ಬೇರೆಯವರು ಹೇಳಿದ ದಾರೀನ ಕೂತಲ್ಲೇ ಪರೀಕ್ಷೆ ಮಾಡಕ್ಕೆ ಬಳಸೋದು ಜಾಸ್ತಿ. ಸ್ಯಾಟಲೈಟ್ ಚಿತ್ರ ತೆಗೆದು ರೋಡಿನ ಮೇಲೆ ನಿಂತಿರೋ ಕಾರನ್ನ ಹುಡುಕಿ, ಸಾಧಾರಣ ಕಾರು ನಾಲ್ಕು ನಾಲ್ಕೂವರೆ ಮೀಟರ್ ಉದ್ದ, ಹೆಚ್ಚುಕಮ್ಮಿ 1.8 ಮೀಟರ್ ಅಗಲ ಇರತ್ತೆ. ಅದನ್ನೇ ಅಳತೆಕೋಲು ಮಾಡ್ಕೊಂಡು ಬಿಳಿ ಗೆರೆ ಆಚೆ ಎಷ್ಟು ಜಾಗ ಉಳಿದಿದೆ ನೋಡಿ. ಅರ್ಧ ಕಾರಿನ ಅಗಲಾನೂ ಇಲ್ಲ ಅಂದ್ರೆ ಹಿಂದಿನ ಗಾಡಿಗಳು ನಿಮ್ಮನ್ನ ಒರೆಸ್ಕೊಂಡೇ ಹೋಗ್ತವೆ. ಸ್ಟ್ರೀಟ್ ವ್ಯೂ, ಅಂದ್ರೆ ರೋಡ್ ಮೇಲಿಂದಲೇ ತೆಗೆದ ಚಿತ್ರಗಳು, ಇರೋ ಕಡೆ ಜಂಕ್ಷನ್‌ಗಳನ್ನ ಒಂದೊಂದಾಗಿ ನೋಡಿ, ಸಿಗ್ನಲ್ ಇದೆಯಾ, ದಾಟೋವಾಗ ಮಧ್ಯೆ ನಿಲ್ಲಕ್ಕೆ ಜಾಗ ಇದೆಯಾ ಅಂತ, ಮತ್ತೆ ಆ ಚಿತ್ರ ಯಾವ ತಿಂಗಳು ಯಾವ ವರ್ಷದ್ದು ಅಂತ ಅಲ್ಲೇ ಬರೆದಿರತ್ತೆ ಅದನ್ನ ತಪ್ಪದೇ ಓದಿ, ಐದಾರು ವರ್ಷ ಹಳೇದಾದ್ರೆ ಆ ರೋಡ್ ಈಗ ಅಗಲ ಆಗಿ ಪೂರ್ತಿ ಬೇರೆಯೇ ಆಗಿರಬಹುದು. ಏರಿನ ವಿಷಯದಲ್ಲಿ ಮಾತ್ರ ಸ್ಯಾಟಲೈಟ್ ಚಿತ್ರ ಏನೂ ಹೇಳಲ್ಲ, ಮೇಲಿಂದ ನೋಡಿದ್ರೆ ಗುಡ್ಡಾನೂ ಬಯಲಿನ ತರಾನೇ ಕಾಣತ್ತೆ.

ಹೀಟ್‌ಮ್ಯಾಪ್

2009 ರಲ್ಲಿ ಶುರುವಾದ ಸ್ಟ್ರಾವಾ ಅನ್ನೋ ಆ್ಯಪಲ್ಲಿ ಜನ ರೆಕಾರ್ಡ್ ಮಾಡಿ ಎಲ್ಲರಿಗೂ ಕಾಣೋ ಹಾಗೆ ಇಟ್ಟ ರೈಡುಗಳನ್ನೆಲ್ಲ ಒಂದರ ಮೇಲೊಂದು ಹಾಕಿ, ಹೆಚ್ಚು ಜನ ಹೋದ ರೋಡನ್ನ ಹೆಚ್ಚು ಹೊಳೆಯೋ ಹಾಗೆ ತೋರಿಸೋ ನಕ್ಷೆ ಇದು. ಹೊಸ ಊರಿಗೆ ಬಂದ ಮೊದಲ ರಾತ್ರಿ ಇದನ್ನ ತೆಗೆದು ನೋಡೋದು ಒಂಥರಾ ಸಂತೋಷ, ಕತ್ತಲಲ್ಲಿ ದೀಪ ಹಚ್ಚಿದ ಹಾಗೆ ಊರ ಸುತ್ತ ಗೆರೆಗಳು ಕಾಣತ್ತೆ, ಓ ಇಲ್ಲಿ ಜನ ಸೈಕಲ್ ಹೊಡೀತಾರೆ ಅಂತ ಧೈರ್ಯ ಬರತ್ತೆ.

ಆದ್ರೆ ಆ ಬೆಳಕನ್ನ ಓದೋ ರೀತಿ ಗೊತ್ತಿರಬೇಕು. ಅದರಲ್ಲಿರೋದು ಊರಿನ ಎಲ್ಲಾ ಸೈಕಲ್ ಸವಾರರಲ್ಲ, ಆ ಆ್ಯಪ್ ಹಾಕ್ಕೊಂಡು ರೆಕಾರ್ಡ್ ಮಾಡೋರು, ಅವರಲ್ಲಿ ವ್ಯಾಯಾಮಕ್ಕೆ ಅಂತ ಜೋರಾಗಿ ಹೊಡೆಯೋರೇ ಜಾಸ್ತಿ. ಹಾಲಿನ ಕ್ಯಾನ್ ಕಟ್ಕೊಂಡು ಹೋಗೋರು, ಸ್ಕೂಲ್ ಮಕ್ಕಳು, ಕೆಲಸಕ್ಕೆ ಹೋಗೋರು ಬಳಸೋ ಒಳದಾರಿ ಅದರಲ್ಲಿ ಕಾಣದೇ ಹೋಗಬಹುದು. ಚಿಕ್ಕ ಊರಲ್ಲಿ ಒಂದೇ ಗುಂಪು ವಾರಾ ವಾರಾ ಒಂದೇ ಸುತ್ತು ಹಾಕಿದ್ರೂ ಆ ಗೆರೆ ಹೊಳೆಯತ್ತೆ. ಎಲ್ಲಕ್ಕಿಂತ ಮುಖ್ಯ, ಅದು ಎಷ್ಟು ಜನ ಅಂತ ಹೇಳತ್ತೆ, ಯಾವ ಹೊತ್ತಿಗೆ ಅಂತ ಹೇಳಲ್ಲ. ನಾನು ಎರಡನೇ ಸಲ ಊರು ಬದಲಾಯಿಸಿದಾಗ ಅತಿ ಹೆಚ್ಚು ಹೊಳೀತಿದ್ದ ರೋಡಿಗೆ ಸಂಜೆ ಹೋದೆ, ಅದು ಹೆದ್ದಾರಿ, ಲಾರಿಗಳು ಸಾಲಾಗಿ ಹೋಗ್ತಿದ್ವು, ಒಂದು ಸೈಕಲ್ಲೂ ಇಲ್ಲ. ಅಲ್ಲಿಯವರೆಲ್ಲ ಬೆಳಗ್ಗೆ ಐದಕ್ಕೆ ಹೋಗಿ ಏಳರೊಳಗೆ ವಾಪಸ್ ಬರ್ತಾರೆ ಅಂತ ಆಮೇಲೆ ತಿಳೀತು. ಕೆಟ್ಟ ತುಂಡನ್ನ ತೋರಿಸೋದ್ರಲ್ಲಿ ಹೀಟ್‌ಮ್ಯಾಪ್ ಅದಕ್ಕೇ ಹಿಂದೆ ಬೀಳತ್ತೆ, ಹೆದ್ದಾರಿ ತುಂಡೂ ಓಣಿ ತುಂಡೂ ಅದರಲ್ಲಿ ಒಂದೇ ತರ ಹೊಳೀತಾವೆ.

ಅದೇ ಒಂದು ಉದ್ದ ರೋಡಿನ ಮಧ್ಯೆ ಬೆಳಕು ತಟ್ಟನೆ ಮಾಯವಾಗಿ ಪಕ್ಕದ ಸುತ್ತುದಾರೀಲಿ ಮತ್ತೆ ಕಾಣಿಸ್ಕೊಂಡ್ರೆ, ಅಲ್ಲಿ ಏನೋ ಇದೆ ಅಂತ ಅರ್ಥ, ಗೇಟು ಇರಬಹುದು, ಮುರಿದ ಸೇತುವೆ ಇರಬಹುದು, ಕೆಟ್ಟ ರೋಡ್ ಇರಬಹುದು. ಜನ ಎಲ್ಲಿ ಹೋಗಲ್ಲ ಅನ್ನೋದರಿಂದ ನಾನು ಹೆಚ್ಚು ಕಲಿತಿದೀನಿ.

ಈಗ ಖಾಸಗಿತನದ ಮಾತು. 2017 ರ ನವೆಂಬರಲ್ಲಿ ಸ್ಟ್ರಾವಾ ತನ್ನ ಜಾಗತಿಕ ಹೀಟ್‌ಮ್ಯಾಪನ್ನ ಹೊಸದಾಗಿ ಬಿಡ್ತು, 2018 ರ ಜನವರಿಯಲ್ಲಿ ನೋಡಿದ್ರೆ ದೂರದ ಮರುಭೂಮಿಗಳಲ್ಲಿರೋ ಸೈನಿಕ ನೆಲೆಗಳೂ ಅದರಲ್ಲಿ ಕಾಣ್ತಿವೆ, ಅಲ್ಲಿ ಓಡ್ತಿದ್ದ ಸೈನಿಕರ ಹೆಜ್ಜೆ ಗುರುತಿನಿಂದ, ಅಂತ ಪ್ರಪಂಚಕ್ಕೆಲ್ಲ ಗೊತ್ತಾಯ್ತು. ನೆಲೆಯ ಗುಟ್ಟೇ ಹೊರಗೆ ಬರತ್ತೆ ಅಂದ್ಮೇಲೆ, ದಿನಾ ಒಂದೇ ಬಾಗಿಲಿಂದ ಹೊರಟು ಅದೇ ಬಾಗಿಲಿಗೆ ಬಂದು ನಿಲ್ಲೋ ನಿಮ್ಮ ರೈಡಿಂದ ಮನೆ ಪತ್ತೆ ಮಾಡೋದು ಕಷ್ಟದ ಕೆಲಸ ಅಲ್ಲ. ರೆಕಾರ್ಡ್ ಮಾಡೋರಾದ್ರೆ ಮೊದಲ ರೈಡಿಗೆ ಮುಂಚೆನೇ ಸೆಟ್ಟಿಂಗಿಗೆ ಹೋಗಿ ಶುರು ಮತ್ತೆ ಕೊನೆ ಮರೆಮಾಡೋದನ್ನ ಆನ್ ಮಾಡಿ, ಹೊಸ ಮನೆ ವಿಳಾಸಕ್ಕೆ. ಹಳೇ ಮನೆ ಸುತ್ತ ಹಾಕಿದ್ದ ಮರೆ ಇಲ್ಲಿಗೆ ತಾನಾಗೇ ಬರಲ್ಲ, ಇದನ್ನ ಬಹಳ ಜನ ಮರೀತಾರೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಇಟ್ಕೊಂಡು ನಾವೇ ರೂಟ್ ಬಿಡಿಸೋದು

ಟೈಮ್ ಇರೋರಿಗೆ, ಸ್ವಲ್ಪ ತಲೆ ಕೆಡಿಸ್ಕೊಳ್ಳಕ್ಕೆ ರೆಡಿ ಇರೋರಿಗೆ ನಾನು ಮೊದಲು ಹೇಳೋದು ಇದನ್ನ. ಓಪನ್‌ಸ್ಟ್ರೀಟ್‌ಮ್ಯಾಪ್ 2004 ರಲ್ಲಿ ಬ್ರಿಟನ್ನಲ್ಲಿ ಸ್ಟೀವ್ ಕೋಸ್ಟ್ ಅನ್ನೋರು ಶುರು ಮಾಡಿದ್ದು, ಪ್ರಪಂಚದ ಎಲ್ಲಾ ಕಡೆ ಸ್ವಯಂಸೇವಕರು ಸೇರಿ ಬಿಡಿಸ್ತಿರೋ ನಕ್ಷೆ, ಯಾರು ಬೇಕಾದ್ರೂ ಬಳಸಬಹುದು. ಸೈಕಲ್ ಹೊಡೆಯೋರಿಗೆ ಇದರಲ್ಲಿರೋ ಚಿನ್ನ ಅಂದ್ರೆ ರೋಡಿನ ಮೈ ಬಗ್ಗೆ ಬರೆದಿರೋ ಮಾಹಿತಿ. ಡಾಂಬರಾ, ಕಾಂಕ್ರೀಟಾ, ಜಲ್ಲಿನಾ, ಮಣ್ಣಾ ಅಂತ ಪ್ರತಿ ತುಂಡಿಗೂ ಗುರುತು ಹಾಕಬಹುದು, ಹೊಲದ ದಾರಿಗಳಿಗೆ ಒಂದರಿಂದ ಐದರವರೆಗೆ ಗ್ರೇಡು, ಒಂದು ಅಂದ್ರೆ ಗಟ್ಟಿ, ಐದು ಅಂದ್ರೆ ಮೆತ್ತನೆ ಮಣ್ಣು. ಸೈಕ್ಲ್‌ಓಎಸ್‌ಎಂ ಅನ್ನೋ ನಕ್ಷೆ ಇದನ್ನೆಲ್ಲ ಸೈಕಲ್ ಕಣ್ಣಿಂದ ಬಣ್ಣ ಹಾಕಿ ತೋರಿಸತ್ತೆ, ಬಿ-ರೌಟರ್ ಅನ್ನೋದು ನೀವು ರೋಡ್ ಬೈಕಾ, ಮಣ್ಣಿಗೆ ಇಳಿಯೋರಾ ಅಂತ ನೋಡಿ ಅದಕ್ಕೆ ತಕ್ಕ ದಾರಿ ಬಿಡಿಸತ್ತೆ, ಎರಡೂ ಉಚಿತ. ಕೊಮೂಟ್, ರೈಡ್ ವಿತ್ ಜಿಪಿಎಸ್ ಅನ್ನೋ ಆ್ಯಪುಗಳೂ ಇದೇ ನಕ್ಷೆಯ ಮಾಹಿತಿ ಬಳಸ್ಕೊಳ್ತವೆ, ಬಳಸೋಕೆ ಇನ್ನೂ ಸಲೀಸು. ಆಫ್‌ಲೈನಿಗೆ ಓಎಸ್‌ಎಂಆಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸಲ್ಲಿ ನಿಮ್ಮ ಕಡೆಯ ನಕ್ಷೆ ಮೊದಲೇ ಇಳಿಸ್ಕೊಂಡ್ರೆ ಸಿಗ್ನಲ್ ಇಲ್ಲದ ಕಡೇನೂ ನಡೆಯತ್ತೆ.

ದುಡ್ಡಿನ ಬಗ್ಗೆ ಒಂದು ಮಾತು. ಇವತ್ತು ಫ್ರೀ ಇರೋದು ನಾಳೆ ಇರಲ್ಲ. ಸ್ಟ್ರಾವಾ 2020 ರಲ್ಲಿ ರೂಟ್ ಬಿಡಿಸೋ ಸೌಲಭ್ಯನ ಚಂದಾ ಕಟ್ಟೋರಿಗೆ ಮಾತ್ರ ಅಂತ ಮಾಡ್ತು, ಕೊಮೂಟ್ 2025 ರಲ್ಲಿ ಬೇರೆ ಕಂಪನಿ ಕೈಗೆ ಹೋಯ್ತು. ಹಾಗಾಗಿ ದುಡ್ಡು ಕೊಡೋ ಮುಂಚೆ ನಾನು ನೋಡೋದು ಒಂದೇ, ಬಿಡಿಸಿದ ದಾರೀನ ಜಿಪಿಎಕ್ಸ್ ಫೈಲಾಗಿ, ಅಂದ್ರೆ ಬೇರೆ ಆ್ಯಪುಗಳೂ ಓದೋ ದಾರಿ ಫೈಲಾಗಿ, ಹೊರಗೆ ತಗೋಬಹುದಾ. ತಗೋಬಹುದು ಅಂದ್ರೆ ನಾಳೆ ಆ್ಯಪ್ ಬಿಟ್ರೂ ದಾರಿ ನಿಮ್ಮ ಹತ್ರ ಉಳಿಯತ್ತೆ. ಮೊದಲ ತಿಂಗಳು ಯಾವುದಕ್ಕೂ ಚಂದಾ ಕಟ್ಟಬೇಡಿ ಅನ್ನೋದು ನನ್ನ ಸಲಹೆ, ನಿಮಗೆ ನಿಜವಾಗಿ ಏನು ಬೇಕು ಅಂತ ಆಗ ಗೊತ್ತಿರಲ್ಲ. ಆ ದುಡ್ಡಲ್ಲಿ ಒಂದು ಸ್ಪೇರ್ ಟ್ಯೂಬು, ಟೈರ್ ಲಿವರು, ಹಿಂದಿನ ಲೈಟು ತಗೊಳ್ಳಿ.

ಏರಿನ ಲೆಕ್ಕದಲ್ಲಿ ಒಂದೇ ದಾರಿಗೆ ಒಂದು ಆ್ಯಪು 180 ಮೀಟರ್ ಅಂದ್ರೆ ಇನ್ನೊಂದು 260 ಅನ್ನತ್ತೆ, ಇದನ್ನ ನೋಡಿ ಗಾಬರಿ ಆಗ್ಬೇಡಿ. ಎತ್ತರದ ಮಾಹಿತಿ ಬಹಳ ಕಡೆ ಬಂದಿರೋದು 2000 ದ ಫೆಬ್ರವರಿಯಲ್ಲಿ ಎಂಡೆವರ್ ಅನ್ನೋ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರಲ್ಲಿ ಅಳೆದ ಅಂಕಿಗಳಿಂದ, ಅದರಲ್ಲಿ ಸುಮಾರು 30 ಮೀಟರಿಗೊಂದು ಚುಕ್ಕಿ. ಗುಡ್ಡದ ಪಕ್ಕೇಲಿ ಕಡಿದು ಮಾಡಿದ ರೋಡು, ಕಣಿವೆ ಮೇಲಿನ ಸೇತುವೆ, ದಟ್ಟ ಮರಗಳ ಜಾಗ ಇಂಥ ಕಡೆ ಅದು ರೋಡಿನ ಎತ್ತರ ಬಿಟ್ಟು ಪಕ್ಕದ್ದನ್ನ ಹೇಳಿಬಿಡತ್ತೆ, ಆಮೇಲೆ ಒಂದೊಂದು ಆ್ಯಪು ಅದನ್ನ ಒಂದೊಂದು ರೀತಿ ನಯ ಮಾಡತ್ತೆ. ಗ್ರಾಫಲ್ಲಿ ಸೂಜಿ ತರ ಗೆರೆ ಕೆಳಗಿಳಿದು ತಕ್ಷಣ ಮೇಲೆ ಬಂದಿದ್ರೆ ಅದು ಸೇತುವೆನೇ ಇರಬಹುದು. ಎರಡು ದಾರಿ ಹೋಲಿಸೋವಾಗ ಎರಡನ್ನೂ ಒಂದೇ ಆ್ಯಪಲ್ಲಿ ಹಾಕಿ ನೋಡಿ, ಆಗ ಲೆಕ್ಕ ತಪ್ಪಿದ್ರೂ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ರೀತಿ ತಪ್ಪಿರತ್ತೆ.

ಇದರ ದೊಡ್ಡ ಕೊರತೆ, ನಕ್ಷೆ ಎಷ್ಟು ಚೆನ್ನಾಗಿದೆ ಅನ್ನೋದು ಅಲ್ಲಿ ಎಷ್ಟು ಜನ ಕೂತು ಬಿಡಿಸಿದಾರೆ ಅನ್ನೋದರ ಮೇಲಿದೆ. ರೋಡಿನ ಮೈ ಬಗ್ಗೆ ಯಾರೂ ಬರೆಯದೇ ಇದ್ರೆ ಆ್ಯಪು ಊಹೆ ಮಾಡತ್ತೆ. ನಂಗೆ ಒಂದು ಆ್ಯಪು ಹೊಲದ ಮಧ್ಯೆ ಚೆಂದದ ಒಳದಾರಿ ಅಂತ ತೋರಿಸಿದ್ದು ಕೊನೆಗೆ ಬೀಗ ಹಾಕಿದ ಗೇಟಿಗೆ ಹೋಗಿ ನಿಂತು, ಕತ್ತಲಾಗ್ತಾ ಇತ್ತು, ಏಳು ಕಿಲೋಮೀಟರ್ ವಾಪಸ್ ಬರಬೇಕಾಯ್ತು, ಅವತ್ತು ಲೈಟ್ ಇದ್ದಿದ್ದಕ್ಕೆ ಸರಿಹೋಯ್ತು. ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಆ ಗೇಟನ್ನ ನಾನೇ ಗುರುತು ಹಾಕಿದೆ. ನೀವೂ ಹಾಕಿ, ನಿಮ್ಮ ಹಿಂದೆ ಆ ಊರಿಗೆ ಬರೋ ಇನ್ನೊಬ್ಬ ಹೊಸಬರಿಗೆ ಆ ಏಳು ಕಿಲೋಮೀಟರ್ ಉಳಿಯತ್ತೆ.

ಗುಂಪಿನ ಜೊತೆ ಹೋಗೋದು, ಊರವರನ್ನ ಕೇಳೋದು

ಯಾವ ನಕ್ಷೇಲೂ ಇಲ್ಲದ ವಿಷಯ ಜನರ ಬಾಯಲ್ಲಿ ಇರತ್ತೆ. ಯಾವ ರೋಡಲ್ಲಿ ಕತ್ತಲಾದ ಮೇಲೆ ಹೋಗಬಾರದು, ಎಲ್ಲಿ ನಾಯಿಗಳು, ಯಾವ ಕಾರ್ಖಾನೆ ಶಿಫ್ಟ್ ಬಿಡೋ ಹೊತ್ತಿಗೆ ಯಾವ ಜಂಕ್ಷನ್ ಕಟ್ಟಿಕೊಳ್ಳತ್ತೆ, ಮಳೆ ಬಂದ್ರೆ ಯಾವ ಅಂಡರ್‌ಪಾಸ್ ತುಂಬತ್ತೆ. ಕೆಟ್ಟ ತುಂಡನ್ನ ಮೊದಲೇ ಹೇಳೋದ್ರಲ್ಲಿ ಇವರಿಗೆ ಸಮ ಯಾವ ಆ್ಯಪೂ ಇಲ್ಲ. ಗುಂಪು ಇಷ್ಟ ಇಲ್ಲದೋರು ಸೈಕಲ್ ರಿಪೇರಿ ಮಾಡೋರನ್ನ ಕೇಳಿ, ಪಂಚರ್ ಹಾಕಿಸ್ಕೊಳ್ಳಕ್ಕೆ ಬರೋರು ಎಲ್ಲಿಂದ ಬರ್ತಾರೆ ಅಂತ ಅವರಿಗೆ ಗೊತ್ತಿರತ್ತೆ, ಗಾಜು ಮುಳ್ಳು ಎಲ್ಲಿ ಅಂತ ಅದರಿಂದಲೇ ತಿಳಿಯತ್ತೆ.

ಗುಂಪಿಗೆ ಸೇರೋ ಮುಂಚೆ ಎರಡು ಪ್ರಶ್ನೆ ನೇರವಾಗಿ ಕೇಳಿಬಿಡಿ, ಸರಾಸರಿ ಎಷ್ಟು ಸ್ಪೀಡು, ಮತ್ತೆ ಯಾರಾದ್ರೂ ಹಿಂದೆ ಬಿದ್ರೆ ನಿಲ್ತೀರಾ ಇಲ್ವಾ. ನಿಲ್ಲಲ್ಲ ಅನ್ನೋ ಗುಂಪು ಕೆಟ್ಟದ್ದಲ್ಲ, ಅವರು ಟ್ರೈನಿಂಗ್ ಮಾಡ್ತಿದಾರೆ, ಆದ್ರೆ ದಾರಿ ಗೊತ್ತಿಲ್ಲದ ಹೊಸಬರನ್ನ ಮೂವತ್ತನೇ ಕಿಲೋಮೀಟರಲ್ಲಿ ಬಿಟ್ಟು ಹೋದ್ರೆ ಅಲ್ಲಿಂದ ನೀವೊಬ್ಬರೇ. ಇನ್ನೊಂದು ವಿಷಯ ಗೊತ್ತಿರಲಿ, ಗಾಳಿಯ ತಡೆ ನಾವು ಹೋಗೋ ವೇಗದ ವರ್ಗಕ್ಕೆ ತಕ್ಕಂತೆ ಏರತ್ತೆ, ಅಂದ್ರೆ ವೇಗ ಎರಡರಷ್ಟಾದ್ರೆ ತಡೆ ನಾಲ್ಕರಷ್ಟು. ಮುಂದಿನವರ ಚಕ್ರದ ಹಿಂದೆ ಅಂಟಿಕೊಂಡು ಹೋಗೋವಾಗ ಆ ತಡೆಯಲ್ಲಿ ದೊಡ್ಡ ಪಾಲನ್ನ ಅವರು ತಗೊಳ್ತಾರೆ. ಗುಂಪಲ್ಲಿ ಎರಡೂವರೆ ಗಂಟೆಗೆ ಮುಗಿಸಿದ ದಾರೀನ ಒಬ್ಬರೇ ಹೋದ್ರೆ ಅಷ್ಟೇ ಹೊತ್ತಲ್ಲಿ ಮುಗಿಯಲ್ಲ, ನೀರೂ ಬೆಳಕೂ ಆ ಲೆಕ್ಕದಲ್ಲೇ ಇಟ್ಕೊಳ್ಳಿ.

ನಂಗೆ ಗುಂಪಿನ ರೈಡಲ್ಲಿ ಕಂಡ ನಿಜವಾದ ಕೊರತೆ ಬೇರೆ. ಕಣ್ಣೆಲ್ಲ ಮುಂದಿನ ಚಕ್ರದ ಮೇಲೇ ಇರತ್ತೆ, ಮನೆಗೆ ಬಂದು ನೋಡಿದ್ರೆ ಎಲ್ಲಿ ತಿರುಗಿದ್ವಿ ಅಂತಾನೇ ನೆನಪಿರಲ್ಲ. ಅದಕ್ಕೇ ಗುಂಪಲ್ಲಿ ಹೋದ ದಾರೀನ ಮುಂದಿನ ವಾರ ಒಬ್ಬನೇ ಉಲ್ಟಾ ಹೋಗಿ ನೋಡ್ತೀನಿ, ತಿರುವುಗಳೆಲ್ಲ ಆಗ ತಲೇಲಿ ಕೂರತ್ತೆ.

ಗುರುತು ಹಾಕಿರೋ ದಾರಿಗಳು

ಸೈಕಲ್ ಹೊಡೆಯೋರಿಗೆ ಅಂತಲೇ ಬೋರ್ಡ್ ಹಾಕಿಟ್ಟಿರೋ ದಾರಿಗಳು ಇವು, ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದ್ದೋರಿಗೆ ಇದೆ, ಇಲ್ಲದೋರಿಗೆ ಇಲ್ಲ. ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ 1995 ರಲ್ಲಿ ಶುರುವಾದ ನಂಬರ್ ಜಂಕ್ಷನ್ ಪದ್ಧತಿ ಈಗ ನೆದರ್ಲೆಂಡ್ಸಲ್ಲೆಲ್ಲ ಹರಡಿದೆ, ಪ್ರತಿ ಕೂಡುದಾರಿಗೂ ಒಂದು ನಂಬರು, 12 ರಿಂದ 45, ಅಲ್ಲಿಂದ 7 ಅಂತ ಚೀಟೀಲಿ ಬರ್ಕೊಂಡು ಹೊರಟ್ರೆ ಸಾಕು. ಯೂರೋಪಲ್ಲಿ ದೇಶ ದಾಟಿ ಹೋಗೋ ಯೂರೋವೆಲೋ ದಾರಿಗಳೂ ಇವೆ. ನಿಮ್ಮ ಊರಲ್ಲಿ ಇಂಥದ್ದು ಏನಾದ್ರೂ ಇದ್ರೆ ಮೊದಲ ದಿನ ಅಲ್ಲಿಂದಲೇ ಶುರು ಮಾಡಿ, ಹೊಸಬರಿಗೆ ಅದಕ್ಕಿಂತ ನಿಶ್ಚಿಂತೆ ಬೇರೆ ಇಲ್ಲ. ಆದ್ರೆ ಅವು ಹೆಚ್ಚಾಗಿ ಆರಾಮಾಗಿ ನೋಡ್ಕೊಂಡು ಹೋಗೋರಿಗೆ ಮಾಡಿರೋದು, ಸುತ್ತಿಬಳಸಿ ಹೋಗತ್ತೆ, ಟೈಮಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಬೇಕು ಅನ್ನೋರಿಗೆ ಆಗಿ ಬರಲ್ಲ.

ಹಾಗಾದ್ರೆ ಯಾರಿಗೆ ಯಾವುದು

ದಿನಾ ಕೆಲಸಕ್ಕೆ ಹೋಗೋರಿಗೆ ಬೇಕಾಗಿರೋದು ಒಂದೇ ಒಂದು ದಾರಿ, ಆದ್ರೆ ಅದು ಗಟ್ಟಿ ಇರಬೇಕು. ನಕ್ಷೇಲಿ ಎರಡು ಮೂರು ದಾರಿ ಬಿಡಿಸಿ, ಪ್ರತಿಯೊಂದರ ಕೆಟ್ಟ ತುಂಡು ಯಾವುದು ಅಂತ ಸ್ಟ್ರೀಟ್ ವ್ಯೂಲಿ ಹುಡುಕಿ, ಆ ತುಂಡು ಅತಿ ಕಮ್ಮಿ ಕೆಟ್ಟದಾಗಿರೋ ದಾರಿ ಆರಿಸಿ, ಹತ್ತು ನಿಮಿಷ ಜಾಸ್ತಿ ಆದ್ರೂ ಪರವಾಗಿಲ್ಲ. ಹೀಟ್‌ಮ್ಯಾಪಿನ ಅಗತ್ಯ ನಿಮಗೆ ಅಷ್ಟಿಲ್ಲ. ಎರಡನೇ ದಾರೀನೂ ಒಮ್ಮೆ ಹೋಗಿ ನೋಡಿಟ್ಟಿರಿ, ಮೊದಲನೇದು ರಸ್ತೆ ಕೆಲಸಕ್ಕೆ ಮುಚ್ಚಿದ ದಿನ ಬೇಕಾಗತ್ತೆ.

ಮಗು ಜೊತೆ ಹೋಗೋರು ಆ್ಯಪುಗಳನ್ನ ಸದ್ಯ ಪಕ್ಕಕ್ಕಿಡಿ. ಮೊದಲು ನೀವೊಬ್ಬರೇ ಸುಮ್ನೆ ತಿರುಗಿ ನೋಡಿ, ಮೂರು ಕಿಲೋಮೀಟರ್ ಒಳಗೇ, ಒಂದೇ ಒಂದು ದೊಡ್ಡ ರಸ್ತೇನೂ ದಾಟದೇ ಹೋಗೋ ಸುತ್ತು ಸಿಗೋವರೆಗೂ ಹುಡುಕಿ. ಚಿಕ್ಕದಾದ್ರೂ ಸರಿ, ಮಕ್ಕಳು ಒಂದೇ ಸುತ್ತನ್ನ ನಾಲ್ಕು ಸಲ ಸಂತೋಷವಾಗಿ ಹೊಡೀತಾರೆ.

ಉದ್ದ ರೈಡಿಗೆ, ವ್ಯಾಯಾಮಕ್ಕೆ ಹೋಗೋರಿಗೆ ಹೀಟ್‌ಮ್ಯಾಪೂ ಗುಂಪೂ ಸೇರಿದ್ರೆ ಬೇಗ ಫಲ ಸಿಗತ್ತೆ, ಹೊಳೆಯೋ ಗೆರೆ ನೋಡಿ ಆಮೇಲೆ ಅದರ ಮೇಲೆ ಹೋಗೋರನ್ನೇ ಯಾವ ಹೊತ್ತಿಗೆ ಹೋಗ್ತೀರಾ ಅಂತ ಕೇಳಿ. ಒಬ್ಬರೇ ಹೋಗೋವಾಗ ಶುರುವಿನಲ್ಲಿ ಎದುರುಗಾಳಿ ಬರೋ ಹಾಗೆ ದಿಕ್ಕು ಇಟ್ಕೊಳ್ಳಿ, ಸುಸ್ತಾಗಿ ವಾಪಸ್ ಬರೋವಾಗ ಅದೇ ಗಾಳಿ ಬೆನ್ನಿಗೆ ಬರತ್ತೆ. ಮಣ್ಣುದಾರಿ ಇಷ್ಟಪಡೋರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಬಿಟ್ರೆ ಬೇರೆ ಗತಿ ಇಲ್ಲ, ಆದ್ರೆ ಪ್ರತಿ ಹೊಸ ದಾರಿಗೂ ವಾಪಸ್ ಬರೋ ಟೈಮನ್ನೂ ಸೇರಿಸಿ ಲೆಕ್ಕ ಹಾಕಿ, ಗೇಟಿನ ಅನುಭವ ಮೇಲೆ ಹೇಳಿದೀನಲ್ಲ.

ದುಡ್ಡೂ ಇಲ್ಲ, ಒಳ್ಳೇ ಫೋನೂ ಇಲ್ಲ ಅನ್ನೋರಿಗೆ ಯಾವ ಬಾಗಿಲೂ ಮುಚ್ಚಿಲ್ಲ. ಯಾರದ್ದಾದ್ರೂ ಕಂಪ್ಯೂಟರಲ್ಲಿ ಒಮ್ಮೆ ನಕ್ಷೆ ನೋಡಿ, ತಿರುವುಗಳನ್ನ ಚೀಟೀಲಿ ಬರ್ಕೊಂಡು ಹ್ಯಾಂಡಲ್‌ಗೆ ಅಂಟಿಸ್ಕೊಂಡು ಹೋಗಿ, ಊರು ಗೊತ್ತಾಗೋ ವಿಷಯದಲ್ಲಿ ನೀವು ಎಲ್ಲರಿಗಿಂತ ಮುಂದೆ ಇರ್ತೀರಿ.

ವಾರಕ್ಕೆ ಎರಡೇ ಗಂಟೆ ಟೈಮ್ ಸಿಗೋರು ತಿರುಗಾಡಿ ಹುಡುಕ್ತಾ ಕೂತ್ರೆ ಬೇಜಾರಾಗಿ ಸೈಕಲ್ಲೇ ಬಿಡೋ ಸಾಧ್ಯತೆ ಇದೆ. ನೀವು ಯಾರಾದ್ರೂ ಹಾಕಿರೋ ಜಿಪಿಎಕ್ಸ್ ಇಳಿಸ್ಕೊಂಡು ಹೊರಡಿ, ಬರೋವಾಗ ಒಂದೇ ಒಂದು ತಿರುವಲ್ಲಿ ಮಾತ್ರ ಅದನ್ನ ಬಿಟ್ಟು ಬೇರೆ ಕಡೆ ಹೋಗಿ ನೋಡಿ. ಪ್ರತಿ ವಾರ ಒಂದು ತಿರುವು.

ಯಾವುದನ್ನೇ ಆರಿಸಿದ್ರೂ ಮೊದಲ ಮಳೆ ಆದ ಮಾರನೇ ದಿನ, ಮತ್ತೆ ಸ್ಕೂಲ್ ರಜೆ ಮುಗಿದು ಶುರುವಾದ ಮೊದಲ ವಾರ, ನಿಮ್ಮ ದಾರೀನ ಇನ್ನೊಂದ್ಸಲ ಹೊಸಬರ ತರ ನಿಧಾನಕ್ಕೆ ಹೋಗಿ ನೋಡಿ. ಗುಂಡಿ ಎಲ್ಲಿ ಬಿತ್ತು, ನೀರು ಎಲ್ಲಿ ನಿಂತಿದೆ, ಯಾವ ಗೇಟ್ ಮುಂದೆ ಗಾಡಿಗಳು ಸಾಲು ನಿಲ್ತವೆ ಅಂತ ಬರ್ಕೊಳ್ಳಿ. ನನ್ನ ಈಗಿನ ಆಫೀಸ್ ದಾರೀಲಿ ಆ ವಾರ ನೋಡಿದ ಮೇಲೇ ಒಂದು ತಿರುವು ಬದಲಾಯಿಸಿದೆ, ಈಗಲೂ ಅದರಲ್ಲೇ ಹೋಗ್ತಿದೀನಿ.